ಅಂಚಿನಲ್ಲಿ ಎಂಜಿನ್ ಕೋಣೆ: ನೌಕಾಪಡೆಯ ಸ್ಟೋಕರ್, ಆರ್ಟಿಫಿಸರ್ ಪದಕಗಳನ್ನು ಸಂಗ್ರಹಿಸುವುದು

ಹುಬ್ಬಳ್ಳಿಯ ಯಾವುದೇ ಸರಾಫ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ: ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಸುಮಾರು 32 ಗ್ರಾಂ ತೂಗುತ್ತದೆ, ಅಂದರೆ ಎರಡೂಮುಕ್ಕಾಲು ತೊಲಿ ಬೆಳ್ಳಿ. ಅಂಗಡಿಯವನಿಗೆ ಅಷ್ಟೇ ಲೆಕ್ಕ. ಫ್ರಾನ್ಸಿನ ಕಂದಕದಲ್ಲಿದ್ದ ಕಾಲಾಳಿಗೂ, ಹಡಗಿನ ತೋಪಿನವನಿಗೂ, ಕೆಳಗೆ ಬಾಯ್ಲರ್‌ಗೆ ಕಲ್ಲಿದ್ದಲು ಎಸೆಯುತ್ತಿದ್ದ ಸ್ಟೋಕರ್‌ಗೂ ಅದೇ ಅಚ್ಚು, ಅದೇ 36 ಮಿ.ಮೀ. ಅಗಲ, ಅದೇ ಐದನೇ ಜಾರ್ಜ್ ರಾಜನ ಮುಖ. ಎಂಜಿನ್ ಕೋಣೆಯವನ ಪದಕ ಎಂದು ಹೇಳುವುದು ಮೂರು ಮಿ.ಮೀ. ದಪ್ಪದ ಅಂಚಿನಲ್ಲಿ ಒತ್ತಿದ ಒಂದೇ ಸಾಲು. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಅಂಚು ಓದಲು ಕಲಿಯಬೇಕು. ಮುಖ, ಹಿಂಬದಿ, ರಿಬ್ಬನ್ ಎಲ್ಲ ಆಮೇಲೆ.

ಅಂಚಿನ ಸಾಲು

ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್‌ನ ಅಂಚಿನಲ್ಲಿ ಕ್ರಮವಾಗಿ ಸೇವಾ ಸಂಖ್ಯೆ, ಹೆಸರು, ದರ್ಜೆ, ಕೊನೆಗೆ ಆರ್.ಎನ್., ಅಂದರೆ ರಾಯಲ್ ನೇವಿ (ಬ್ರಿಟಿಷ್ ನೌಕಾಪಡೆ) ಎಂದು ಇರುತ್ತದೆ. ಅದೇ ಯುದ್ಧದ ನಕ್ಷತ್ರಾಕಾರದ ಪದಕ 1914-15 ಸ್ಟಾರ್‌ಗೆ ಅಗಲವಾದ ಅಂಚಿಲ್ಲ, ಹಾಗಾಗಿ ಅದೇ ವಿವರವನ್ನು ಹಿಂಬದಿಯ ಬೋಳು ಜಾಗದಲ್ಲಿ ಸಾಲುಸಾಲಾಗಿ ಒತ್ತಿರುತ್ತಾರೆ.

ಸಂಖ್ಯೆಯ ಮುಂದಿನ ಅಕ್ಷರ ಅರ್ಧ ಕೆಲಸ ಮುಗಿಸುತ್ತದೆ. 1908ರಿಂದ ಸೇರಿದವರಿಗೆ ಶಾಖೆಯ ಪ್ರಕಾರ ಅಕ್ಷರ ಕೊಟ್ಟರು: ಜೆ ಎಂದರೆ ನಾವಿಕರು ಮತ್ತು ಸಿಗ್ನಲ್‌ನವರು, ಕೆ ಎಂದರೆ ಸ್ಟೋಕರ್, ಎಲ್ ಎಂದರೆ ಅಧಿಕಾರಿಗಳ ಅಡುಗೆ ಮತ್ತು ಊಟೋಪಚಾರದವರು, ಎಂ ಎಂದರೆ ಉಳಿದ ಕಸುಬುದಾರರು. ಎಂಜಿನ್ ರೂಂ ಆರ್ಟಿಫಿಸರ್, ಅಂದರೆ ಎಂಜಿನ್ ಕೋಣೆಯ ಕುಶಲ ಕಸುಬುದಾರ, ಈ ಎಂ ಗುಂಪಿನಲ್ಲಿ ಬರುತ್ತಾನೆ. ಆದರೆ ಆಸ್ಪತ್ರೆ ಸಹಾಯಕ, ಬಡಗಿ ಇವರೂ ಅಲ್ಲೇ ಇರುವುದರಿಂದ ಎಂ ಕಂಡ ಕೂಡಲೇ ಹಿಗ್ಗಬೇಡಿ, ದರ್ಜೆ ನೋಡಿ. 1908ಕ್ಕಿಂತ ಮೊದಲು ಸೇರಿದವರ ಸಂಖ್ಯೆಗೆ ಅಕ್ಷರವೇ ಇಲ್ಲ, ಬರೀ ಅಂಕಿ. ಎಸ್ಎಸ್ ಎಂದಿದ್ದರೆ ಅಲ್ಪಾವಧಿ ಸೇವೆ. ನಾವಿಕರಿಗೂ ಸ್ಟೋಕರ್‌ಗಳಿಗೂ ಅದೇ ಗುರುತು, ಅಲ್ಲಿಯೂ ದರ್ಜೆಯೇ ತೀರ್ಮಾನ. 1925ರ ನಂತರ ಸೇರಿದ ಸ್ಟೋಕರ್‌ಗೆ ಕೆಎಕ್ಸ್, ಆರ್ಟಿಫಿಸರ್‌ಗೆ ಎಂಎಕ್ಸ್. ಅದರ ಮುಂದೆ ಓರೆಗೆರೆಯೊಂದಿಗೆ ಸಿ, ಡಿ ಅಥವಾ ಪಿ ಇದ್ದರೆ ಅದು ಅವನ ಮೂಲ ಬಂದರು: ಚಾಟಮ್, ಡೆವನ್‌ಪೋರ್ಟ್, ಪೋರ್ಟ್ಸ್‌ಮತ್.

ದರ್ಜೆಗಳು ಹೀಗೆ. ಎಸ್‌ಟಿಒ.1 ಮತ್ತು ಎಸ್‌ಟಿಒ.2 ಎಂದರೆ ಮೊದಲ ಹಾಗೂ ಎರಡನೇ ದರ್ಜೆಯ ಸ್ಟೋಕರ್. ಮೇಲೆ ಲೀಡಿಂಗ್ ಸ್ಟೋಕರ್, ಎಸ್.ಪಿ.ಒ. ಎಂದರೆ ಸ್ಟೋಕರ್ ಪೆಟಿ ಆಫೀಸರ್, ಅದರ ಮೇಲೆ ಚೀಫ್ ಸ್ಟೋಕರ್. ಎಂಇಸಿಎಚ್ ಎಂದರೆ ಮೆಕ್ಯಾನಿಶಿಯನ್, ಸ್ಟೋಕರ್ ಆಗಿ ಸೇರಿ ಯಂತ್ರದ ಕೆಲಸ ಕಲಿತು ಮೇಲೆ ಬಂದವನು. ಇ.ಆರ್.ಎ. ಎಂದರೆ ಎಂಜಿನ್ ರೂಂ ಆರ್ಟಿಫಿಸರ್. ಈ ದರ್ಜೆ ಶುರುವಾದದ್ದು 1868ರಲ್ಲಿ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇವನು ಫಿಟ್ಟರ್, ಬಾಯ್ಲರ್ ಕೆಲಸದವನು, ತಾಮ್ರಗಾರ. ಹೊರಗೆ ಕಸುಬು ಕಲಿತೇ ನೌಕಾಪಡೆಗೆ ಬಂದವರು ಇವರಲ್ಲಿ ಬಹಳ. ಸ್ಟೋಕರ್ ಮತ್ತು ಇ.ಆರ್.ಎ. ಒಂದೇ ಉಗಿಯಲ್ಲಿ ಬೆಂದರೂ ಸಂಬಳ, ಊಟದ ಮೇಜು, ಮರ್ಯಾದೆ ಎಲ್ಲ ಬೇರೆ. ಸಂಗ್ರಹದಲ್ಲಿಯೂ ಇವೆರಡನ್ನು ಬೇರೆ ಸಾಲುಗಳಾಗಿ ಇಡುವುದು ಒಳ್ಳೆಯದು.

ವ್ಯಾಪಾರಿ ಹಡಗಿನ ಫೈರ್‌ಮನ್‌ಗಳಿಗೆ ಸಿಕ್ಕ ಮರ್ಕಂಟೈಲ್ ಮರೀನ್ ವಾರ್ ಮೆಡಲ್‌ನ ಅಂಚಿನಲ್ಲಿ ಬರೀ ಹೆಸರಿದೆ, ದರ್ಜೆ ಇಲ್ಲ. ಅದನ್ನು ತೋರಿಸಿ "ಸ್ಟೋಕರ್ ಮೆಡಲ್" ಎಂದರೆ ಮಾರುವವನಿಗೆ ತಿಳಿದಿಲ್ಲ, ಇಲ್ಲವೇ ಬಹಳ ತಿಳಿದಿದೆ. ಸತ್ತವರ ಮನೆಗೆ ಕಳಿಸಿದ ಸುಮಾರು 12 ಸೆಂ.ಮೀ. ಅಗಲದ ಕಂಚಿನ ಸ್ಮಾರಕ ಫಲಕದ ಕಥೆಯೂ ಇದೇ. ಅದರಲ್ಲಿ ಪೂರ್ತಿ ಹೆಸರು ಮಾತ್ರ, ದರ್ಜೆಯೂ ಇಲ್ಲ ಸಂಖ್ಯೆಯೂ ಇಲ್ಲ. ಜೊತೆಗೆ ಪದಕ ಅಥವಾ ಕಾಗದ ಇಲ್ಲದ ಫಲಕ ಯಾರದ್ದೂ ಆಗಿರಬಹುದು.

ಯಾವುದರಿಂದ ಶುರು ಮಾಡುವುದು

ಎಲ್ಲ ಕಾಲ, ಎಲ್ಲ ದೇಶ ಬೇಡ. ಒಂದು ಗೆರೆ ಎಳೆದುಕೊಳ್ಳಿ: ಕೆ ಸಂಖ್ಯೆಯ ಸ್ಟೋಕರ್‌ಗಳು ಮಾತ್ರ, ಅಥವಾ ಇ.ಆರ್.ಎ.ಗಳ ದೀರ್ಘಸೇವಾ ಪದಕ ಮಾತ್ರ, ಅಥವಾ ಭಾರತೀಯ ನೌಕಾಪಡೆಯ 1965 ಮತ್ತು 1971. ವಾರ್ ಮೆಡಲ್, ವಿಕ್ಟರಿ ಮೆಡಲ್ ಜೋಡಿ ಕೈಗೆ ಎಟುಕುವ ದರದ್ದು, ಕಲಿಯಲೂ ತಕ್ಕದ್ದು. ನೌಕಾಪಡೆಯ ದೀರ್ಘಸೇವಾ ಮತ್ತು ಸನ್ನಡತೆಯ ಪದಕ, ನೀಲಿ ರಿಬ್ಬನ್‌ಗೆ ಬಿಳಿ ಅಂಚಿನದ್ದು, ನಮ್ಮ ಲೆಕ್ಕದಲ್ಲಿ ಹಾಕಿದ ದುಡ್ಡಿಗೆ ಹೆಚ್ಚು ಮಾತಾಡುವ ಪದಕ. ಐದನೇ ಜಾರ್ಜ್ ಕಾಲದ ಇಂಥ ಪದಕದ ಅಂಚಿನಲ್ಲಿ ದರ್ಜೆಯ ಜೊತೆ ಹಡಗಿನ ಹೆಸರೂ ಇರುತ್ತದೆ. ಹಡಗು ಗೊತ್ತಾದರೆ ಅದು ಕಲ್ಲಿದ್ದಲಿನದೋ ಎಣ್ಣೆಯದೋ, ಹಳೆಯ ಪಿಸ್ಟನ್ ಎಂಜಿನ್‌ನದೋ ಟರ್ಬೈನ್‌ನದೋ ಹುಡುಕಬಹುದು. ಅಲ್ಲಿಂದ ಅವನ ಕೆಲಸ ಕಣ್ಣಿಗೆ ಕಟ್ಟುತ್ತದೆ.

ಶೌರ್ಯಕ್ಕೆ ಕೊಟ್ಟ ಡಿಎಸ್ಎಂ (ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್) 1914ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಅಧಿಕಾರಿಗಳಲ್ಲದವರಿಗೆ ಮಾತ್ರ. ದರ ಬಹಳ ಮೇಲೆ, ಮೋಸವೂ ಅಷ್ಟೇ. ಬಿ11 ಜಲಾಂತರ್ಗಾಮಿ 1914ರ ಡಿಸೆಂಬರ್ 13ರಂದು ಡಾರ್ಡನೆಲ್ಸ್‌ನಲ್ಲಿ ತುರ್ಕಿಯ ಮೆಸೂದಿಯೆ ಹಡಗನ್ನು ಮುಳುಗಿಸಿದಾಗ ಅದರ ನಾವಿಕರೆಲ್ಲರಿಗೂ ಡಿಎಸ್ಎಂ ಸಿಕ್ಕಿತು, ಎಂಜಿನ್ ನೋಡಿಕೊಂಡವರಿಗೂ. ಇಂಥ ಹೆಸರುಗಳೆಲ್ಲ ಬ್ರಿಟಿಷ್ ಸರ್ಕಾರದ ರಾಜ್ಯಪತ್ರವಾದ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗಿವೆ. ಗೆಜೆಟ್‌ನಲ್ಲಿ ಸಿಗದ ಡಿಎಸ್ಎಂ ಎಷ್ಟೇ ಹೊಳೆಯಲಿ, ಕೈಬಿಡಿ. 1842ರಲ್ಲಿ ಎಂಜಿನಿಯರ್‌ಗಳಿಗೆಂದೇ ಒಂದು ಸನ್ನಡತೆ ಪದಕ ಮಾಡಿದ್ದರು. ಐದು ವರ್ಷಕ್ಕೆ ನಿಂತುಹೋಯಿತು, ಕೊಟ್ಟದ್ದು ಬೆರಳೆಣಿಕೆ. ಅದು ನಮ್ಮ ಕಡೆಯ ಸಂತೆಯಲ್ಲಿ ಸಿಕ್ಕಿತೆಂದು ಯಾರಾದರೂ ಹೇಳಿದರೆ ನಕ್ಕು ಚಹಾ ಕುಡಿದು ಬನ್ನಿ.

ಎರಡನೇ ಮಹಾಯುದ್ಧದಲ್ಲಿ ಒಂದು ತಿರುವಿದೆ. ಬ್ರಿಟಿಷರಿಗೆ ಕೊಟ್ಟ 1939-45 ಸ್ಟಾರ್, ಅಟ್ಲಾಂಟಿಕ್ ಸ್ಟಾರ್, ವಾರ್ ಮೆಡಲ್‌ಗಳ ಮೇಲೆ ಹೆಸರೇ ಇಲ್ಲ. ಭಾರತೀಯರಿಗೆ ಕೊಟ್ಟವುಗಳ ಮೇಲೆ ಹೆಸರು ಒತ್ತಿದ್ದಾರೆ: ದುಂಡು ಪದಕಗಳಿಗೆ ಅಂಚಿನಲ್ಲಿ, ಸ್ಟಾರ್‌ಗಳಿಗೆ ಹಿಂಬದಿಯಲ್ಲಿ. ಆದ್ದರಿಂದ ರಾಯಲ್ ಇಂಡಿಯನ್ ನೇವಿಯ ಸ್ಟೋಕರ್‌ನ ಇಂಡಿಯಾ ಸರ್ವಿಸ್ ಮೆಡಲ್ ತಾನೇ ಸಾಕ್ಷಿ ಹೇಳುತ್ತದೆ. ಇಂಗ್ಲೆಂಡಿನಿಂದ ಬಂದ ಹೆಸರಿಲ್ಲದ ಪದಕಗಳ ಗುಂಪು ಹೇಳುವುದಿಲ್ಲ. ಅಂಥ ಗುಂಪನ್ನು ಕೊಳ್ಳುವುದಾದರೆ ವಿಳಾಸ ಬರೆದ ಮೂಲ ರಟ್ಟಿನ ಡಬ್ಬಿ ಮತ್ತು ಸೇವಾ ಪ್ರಮಾಣಪತ್ರ ಜೊತೆಗಿದ್ದರೆ ಮಾತ್ರ. ಪ್ರಮಾಣಪತ್ರದ ಒಂದು ಮೂಲೆ ಕತ್ತರಿಸಿದ್ದರೆ ಇಲಿಯನ್ನು ಬೈಯಬೇಡಿ. ಕೆಟ್ಟ ನಡತೆಯಿಂದ ಹೊರಹಾಕಿದವರ ಪತ್ರದ ಮೂಲೆ ಕತ್ತರಿಸುವುದೇ ಪದ್ಧತಿಯಾಗಿತ್ತು.

ನಮ್ಮ ನೌಕಾಪಡೆಯ ಪದಕಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ನಿಜವಾಗಿ ಕಣ್ಣಿಗೆ ಬೀಳುವುದು ಇವೇ: 1965ರ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಮೆಡಲ್, 25ನೇ ಸ್ವಾತಂತ್ರ್ಯೋತ್ಸವದ ಪದಕ, 9 ಮತ್ತು 20 ವರ್ಷದ ದೀರ್ಘಸೇವಾ ಪದಕಗಳು. ದುಂಡು ಪದಕ 35 ಮಿ.ಮೀ., ರಿಬ್ಬನ್ 32 ಮಿ.ಮೀ. ಅಗಲ. ದರ್ಜೆ ಎಂಇ, ಎಲ್ಎಂಇ, ಪಿಒಎಂಇ, ಇಆರ್‌ಎ, ಸಿಎಚ್ಇಆರ್‌ಎ ಎಂದಿದ್ದರೆ ಎಂಜಿನ್ ಕೋಣೆಯವನು. ಲೋಣಾವಳದ ಐಎನ್ಎಸ್ ಶಿವಾಜಿ ಈ ಕಸುಬಿನ ತರಬೇತಿ ಶಾಲೆ.

ಈ ಪದಕಗಳು ಹಡಗಿನ ಹೆಸರು ಹೇಳುವುದಿಲ್ಲ. 1971ರಲ್ಲಿ ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಮೂರರಲ್ಲೇ, ವೇಗ ಕಡಿಮೆ ಮಾಡಿ, ಬಂಗಾಳ ಕೊಲ್ಲಿಯಲ್ಲಿ ಕೆಲಸ ನಡೆಸಿದರು. ಆ ಬಾಯ್ಲರ್ ಕೋಣೆಯಲ್ಲಿ ನಿಂತವನ ಪೂರ್ವಿ ಸ್ಟಾರ್‌ಗೂ ದಡದ ಬಳಿ ಇನ್ನಾವುದೋ ಹಡಗಿನಲ್ಲಿದ್ದವನ ಪೂರ್ವಿ ಸ್ಟಾರ್‌ಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಡಿಸ್ಚಾರ್ಜ್ ಬುಕ್‌ನಲ್ಲಿ. ಪದಕ ತೋರಿಸಿದವರ ಮನೆಯಲ್ಲಿ ಮೊದಲು ಕೇಳಬೇಕಾದದ್ದು ಆ ಪುಸ್ತಕವನ್ನು. ಪುಸ್ತಕ ಕಳೆದಿದ್ದರೆ, ನಾವಿಕರ ದಾಖಲೆ ಇಡುವುದು ಮುಂಬೈ ಮಾನಖುರ್ದ್‌ನ ಚೀತಾ ಕ್ಯಾಂಪ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್. ಅರ್ಜಿಯನ್ನು ಮನೆಯವರೇ ಹಾಕಬೇಕು, ಸಂಗ್ರಾಹಕನಲ್ಲ.

ಒಂದು ಮಾತು ನೇರವಾಗಿ. ಹೆಂಡತಿ, ಮಕ್ಕಳು ಊರಲ್ಲೇ ಇರುವವರ ಪದಕ ಗುಜರಿ ಅಂಗಡಿಗೆ ಬಂದಿದ್ದರೆ ಎಷ್ಟೋ ಸಲ ಮನೆ ಒಡೆದಾಗ, ಹಳೆ ಪೆಟ್ಟಿಗೆ ಖಾಲಿ ಮಾಡುವಾಗ ತಪ್ಪಿ ಬಂದದ್ದು. ಕೊಂಡ ಮೇಲೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಸಂಖ್ಯೆ, ಹೆಸರು ಕೊಟ್ಟು ವಿಚಾರಿಸಿ. ಮನೆಯವರು ಬೇಕೆಂದರೆ ಕೊಟ್ಟ ಬೆಲೆಗೇ ಮರಳಿಸಿ. ಇನ್ನೊಂದು: ಐದು ಪದಕದ ಗುಂಪಿನಲ್ಲಿ ಒಂದನ್ನು ಮಾತ್ರ ಕೀಳಬೇಡಿ. ಒಮ್ಮೆ ಬೇರೆಯಾದ ಗುಂಪು ಮತ್ತೆ ಕೂಡುವುದು ಅಪರೂಪ.

ನಕಲು ಹಿಡಿಯುವುದು

ಬೇಕಾದ ಸಾಮಾನು: ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರ, ವರ್ನಿಯರ್ ಕ್ಯಾಲಿಪರ್, 0.01 ಗ್ರಾಂ ತೋರುವ ಕಿಸೆ ತಕ್ಕಡಿ, ಬಿಳಿ ಟಾರ್ಚ್, ಕಳ್ಳನೋಟು ನೋಡುವ ನೇರಳೆ ದೀಪ.

ಹೆಚ್ಚಿನ ಮೋಸ ಪೂರ್ತಿ ನಕಲಿ ಪದಕದಲ್ಲಲ್ಲ, ಅಸಲಿ ಪದಕದ ಹೆಸರು ಉಜ್ಜಿ ಹೊಸ ಹೆಸರು ಹಾಕುವುದರಲ್ಲಿ. ಉಜ್ಜಿದರೆ ಲೋಹ ಹೋಗಲೇಬೇಕು. ಕ್ಯಾಲಿಪರ್‌ನಿಂದ ಅಡ್ಡಕ್ಕೆ ಒಮ್ಮೆ, ಓರೆಯಾಗಿ ಎರಡು ಸಲ ಅಳೆಯಿರಿ. ಮೇಲಿನ ಕೊಂಡಿ ಅಡ್ಡ ಬರುವುದರಿಂದ ನೇರ ಉದ್ದಕ್ಕೆ ಅಳೆಯಲಾಗದು. ಮೂರು ಅಳತೆಗಳ ನಡುವೆ 0.2 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಅನುಮಾನಿಸಿ. ಆಮೇಲೆ ಟಾರ್ಚನ್ನು ಅಂಚಿಗೆ ಸಮನಾಗಿ, ಓರೆಯಾಗಿ ಹಿಡಿಯಿರಿ. ಒತ್ತಿದ ಅಕ್ಷರದ ತಳ ಸಪಾಟು, ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಆಳ. ಯಂತ್ರದಿಂದ ಈಚೆಗೆ ಕೆತ್ತಿದ್ದು ಇಂಗ್ಲಿಷಿನ ವಿ ಆಕಾರದ ತೋಡು, ತಳದಲ್ಲಿ ಹೊಳಪು. ಅಕ್ಷರಗಳ ಸುತ್ತ ಉದ್ದಕ್ಕೆ ಸಣ್ಣ ಅರದ ಗೀರು, ಹೆಸರು ಮಾತ್ರ ಹೊಸದು ಸಂಖ್ಯೆ ಹಳೆಯದು ಎಂಬಂಥ ಬಣ್ಣದ ವ್ಯತ್ಯಾಸ, ಇವು ಕಂಡರೆ ಪದಕ ಕೆಳಗಿಡಿ. ರಿಬ್ಬನ್ ಮೇಲೆ ಕೂರುವ, ಕಾರ್ಯಾಚರಣೆಯ ಹೆಸರಿನ ದುಬಾರಿ ಲೋಹದ ಪಟ್ಟಿ (ಕ್ಲಾಸ್ಪ್) ಸೇರಿಸುವ ಚಾಳಿಯೂ ಇದೆ. ನೇವಲ್ ಜನರಲ್ ಸರ್ವಿಸ್ ಮೆಡಲ್‌ಗೆ 'ಯಾಂಗ್‌ತ್ಸೆ 1949' ಪಟ್ಟಿ ಹಾಕಿದರೆ ದರ ಜಿಗಿಯುತ್ತದೆ. ಪಟ್ಟಿಯ ರಿವೆಟ್ ಹೊಸದಾಗಿ ಬಡಿದಂತಿದ್ದರೆ ಆ ಪದಕ ಪಡೆದವರ ಹೆಸರಿನ ಪಟ್ಟಿ (ಮೆಡಲ್ ರೋಲ್) ನೋಡದೆ ಮುಂದುವರಿಯಬೇಡಿ.

ಬೆಳ್ಳಿ ಹೌದೋ ಅಲ್ಲವೋ ನೋಡಲು ಪತ್ತಾರನ ಒರೆಗಲ್ಲಿಗೆ ಪದಕ ಕೊಡಬೇಡಿ. ಅವನು ಉಜ್ಜುವುದು ಅಂಚನ್ನೇ, ಅಲ್ಲಿಯೇ ಹೆಸರು ಇರುವುದು. ಮನೆಯಲ್ಲೇ ನೀರಿನ ತೂಕ ತೆಗೆಯಿರಿ. ರಿಬ್ಬನ್ ಬಿಚ್ಚಿ ಪದಕ ತೂಗಿ, 32.00 ಗ್ರಾಂ ಬಂತೆನ್ನಿ. ತಕ್ಕಡಿಯ ಮೇಲೆ ಅರ್ಧ ಲೋಟ ಡಿಸ್ಟಿಲ್ಡ್ ವಾಟರ್ ಇಟ್ಟು ಸೊನ್ನೆ ಮಾಡಿ. ತೆಳು ನೈಲಾನ್ ದಾರಕ್ಕೆ ಪದಕ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಆಗ ತೋರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 3.1 ತೋರಿದರೆ 32 ಭಾಗಿಸು 3.1, ಅಂದರೆ 10.3, ಇದು ಸ್ಟರ್ಲಿಂಗ್ ಬೆಳ್ಳಿ. 3.6 ತೋರಿದರೆ 8.9, ತಾಮ್ರ-ನಿಕ್ಕೆಲ್. ಲೆಕ್ಕ ಕೆಡುವುದು ಸಾಮಾನ್ಯವಾಗಿ ಕೊಂಡಿಯ ಸಂದಿಯಲ್ಲಿ ಸಿಕ್ಕ ಗಾಳಿಗುಳ್ಳೆಯಿಂದ: ಅದು ನೀರನ್ನು ಹೆಚ್ಚು ಸರಿಸುತ್ತದೆ, ಅಸಲಿ ಬೆಳ್ಳಿಯೂ ಹಗುರ ಲೋಹದಂತೆ ಕಾಣುತ್ತದೆ. ಮುಳುಗಿಸಿದ ಮೇಲೆ ದಾರವನ್ನು ನಾಲ್ಕಾರು ಸಲ ಮೆಲ್ಲಗೆ ಅಲುಗಿಸಿ, ಮೂರು ಸಲ ತೂಗಿ.

ನೇರಳೆ ದೀಪ ರಿಬ್ಬನ್‌ಗೆ. ಈಚಿನ ದಾರ ನೀಲಿ-ಬಿಳಿಯಾಗಿ ಹೊಳೆಯುತ್ತದೆ, ಹಳೆಯ ರೇಷ್ಮೆ ಮಂಕಾಗಿರುತ್ತದೆ. ಆದರೆ ಹಳೆ ರಿಬ್ಬನ್ನನ್ನು ಯಾರೋ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಹೊಸ ರಿಬ್ಬನ್ ಇದ್ದ ಮಾತ್ರಕ್ಕೆ ಪದಕ ನಕಲಿಯೂ ಅಲ್ಲ.

ಅಂಚು ಪಾಸಾದ ಮೇಲೆ ದಾಖಲೆ. ಬ್ರಿಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಎಡಿಎಂ 188 ಸರಣಿ ನಾವಿಕರ ಸೇವಾ ವಿವರ, ಎಡಿಎಂ 171 ಪದಕ ಪಟ್ಟಿ. ಸೇವಾ ಹಾಳೆಯಲ್ಲಿ ಹುಟ್ಟಿದ ದಿನ, ಹಿಂದಿನ ಕಸುಬು, ಒಂದೊಂದು ಹಡಗಿನ ತಾರೀಖು, ನಡತೆ ಸಿಗುತ್ತವೆ. ಅಂಚಿನ ದರ್ಜೆಗೂ ಹಾಳೆಯ ಕೊನೆಯ ದರ್ಜೆಗೂ ಹೊಂದದಿದ್ದರೆ ಗಾಬರಿಯಾಗಬೇಡಿ, ಬಡ್ತಿಯ ನಡುವೆ ಪದಕ ಒತ್ತಿರಬಹುದು. 1914-15 ಸ್ಟಾರ್‌ನಲ್ಲಿ ಎಸ್‌ಟಿಒ.1, ವಾರ್ ಮೆಡಲ್‌ನಲ್ಲಿ ಎಸ್.ಪಿ.ಒ. ಇರುವುದು ಸಹಜ. ಸಂಖ್ಯೆ ಮಾತ್ರ ಒಂದೇ ಇರಬೇಕು.

ತೊಳೆಯುವುದು, ಅಥವಾ ತೊಳೆಯದಿರುವುದು

ಬೆಳ್ಳಿಯ ಮೇಲಿನ ಕಪ್ಪನ್ನು ಬಿಟ್ಟುಬಿಡಿ. ಹುಣಸೆಹಣ್ಣು, ಬೂದಿ, ಪಾತ್ರೆ ಬೆಳಗುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಪತ್ತಾರರು ಅಂಟವಾಳ ನೊರೆಯಲ್ಲಿ ಹಿತ್ತಾಳೆ ತಂತಿಯ ಬ್ರಷ್‌ನಿಂದ ಉಜ್ಜುತ್ತಾರೆ. ಗೆಜ್ಜೆಗೆ ಅದು ಸರಿ, ಪದಕಕ್ಕೆ ಅಲ್ಲ. ರಾಜನ ಕೆನ್ನೆಯೇ ಎತ್ತರದ ಜಾಗ, ಮೊದಲು ಸವೆಯುವುದು ಅದೇ; ಅಂಚು ಸವೆದರೆ ಅದರಲ್ಲಿ ಒತ್ತಿದ ಅಕ್ಷರಗಳೂ ಮಾಸುತ್ತವೆ. ಜಿಡ್ಡು, ಧೂಳು ಇದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದೆರಡು ಹನಿ ಸೌಮ್ಯ ದ್ರವಸೋಪು ಹಾಕಿ ಹತ್ತು ನಿಮಿಷ ನೆನೆಸಿ, ಹತ್ತಿಯಿಂದ ಉರುಳಿಸುತ್ತ ತೆಗೆಯಿರಿ, ಎರಡು ಸಲ ಶುದ್ಧ ನೀರಲ್ಲಿ ಅದ್ದಿ ಮೆತ್ತನೆ ಬಟ್ಟೆಯಲ್ಲಿ ಒತ್ತಿ. ಬೋರ್‌ವೆಲ್ ನೀರು ಬೇಡವೇ ಬೇಡ, ಗದಗ ಕಡೆಯ ಗಡಸು ನೀರು ಒಣಗಿದಲ್ಲಿ ಬಿಳಿ ಕಲೆ ಉಳಿಸುತ್ತದೆ.

ಕಂಚಿನ ಪದಕದಲ್ಲಿ ಹಸಿರು ಎರಡು ಬಗೆ. ಗಟ್ಟಿಯಾಗಿ ಅಂಟಿಕೊಂಡ ಕಡು ಹಸಿರು ಹಳೆಯದು, ನಿಂತಿದೆ. ಅದಕ್ಕೆ ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಎರಡು ವಾರ ಮುಳುಗಿಸಿ, ಜಾಲಿ ಮುಳ್ಳಿನ ತುದಿಯಿಂದ ಮಸೂರದಡಿ ಬಿಡಿಸಿ. ಸೂಜಿ ಲೋಹವನ್ನು ಗೀರುತ್ತದೆ, ಮುಳ್ಳು ಗೀರುವ ಮೊದಲು ತಾನೇ ಮುರಿಯುತ್ತದೆ. ಇನ್ನೊಂದು ಬಗೆ ತಿಳಿ ಹಸಿರು ಪುಡಿ. ಒರೆಸಿದರೆ ಹೋಗಿ ಮಳೆಗಾಲದಲ್ಲಿ ಮತ್ತೆ ಬರುತ್ತದೆ. ಅದು ಉಪ್ಪಿನ ಕ್ಲೋರೈಡ್ ಒಳಗೆ ಕೂತಿರುವ ಗುರುತು. ಆ ಪದಕವನ್ನು ಕೂಡಲೇ ಉಳಿದವುಗಳಿಂದ ಬೇರೆ ಮಾಡಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಒಂಟಿಯಾಗಿ ಇಡಿ.

ಇಡುವ ಜಾಗ

ಧಾರವಾಡದ ಜಡಿಮಳೆ ಒಂದು ಶತ್ರು, ಗದಗಿನ ಎರೆಮಣ್ಣಿನ ಧೂಳು ಇನ್ನೊಂದು. ಆದರೆ ಹೆಚ್ಚು ಹಾನಿ ಆಗುವುದು ನಾವೇ ಪ್ರೀತಿಯಿಂದ ಮಾಡಿಸಿದ ಪೆಟ್ಟಿಗೆಯಿಂದ. ಪ್ಲೈವುಡ್ ಮತ್ತು ಹಸಿ ಕಟ್ಟಿಗೆ ಆಮ್ಲದ ಆವಿ ಬಿಡುತ್ತವೆ. ಉಣ್ಣೆಯ ಬಟ್ಟೆಯಲ್ಲೂ ರಬ್ಬರ್ ಬ್ಯಾಂಡಿನಲ್ಲೂ ಗಂಧಕ ಇದೆ, ಬೆಳ್ಳಿ ಕಪ್ಪಾಗುತ್ತದೆ. ಮೆತ್ತನೆ ಪಿವಿಸಿ ಚೀಲ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ತಾಮ್ರಕ್ಕೆ ಹಸಿರು ಹತ್ತಿಸುತ್ತದೆ. ಪಾಲಿಪ್ರೊಪಿಲೀನ್ ಡಬ್ಬಿ ಅಥವಾ ಪಾಲಿಯೆಸ್ಟರ್ ಹಾಳೆಯ ಲಕೋಟೆ ಸಾಕು. ಹತ್ತು ಲೀಟರ್ ಡಬ್ಬಿಗೆ 100 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಪಕ್ಕದಲ್ಲಿ ಚಿಕ್ಕ ತೇವಮಾಪಕ. ತೇವ 45ರಿಂದ 50 ಶೇಕಡ ಇದ್ದರೆ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಜೆಲ್ ಬಣ್ಣ ನೋಡಿ ಬಿಸಿ ಮಾಡಿ ಮರಳಿ ಹಾಕಿ. ಡಾಂಬರು ಗುಳಿಗೆ ಬೇಡ. ಮೂಲ ರಿಬ್ಬನ್ ಎಷ್ಟೇ ಹರಿದಿರಲಿ ಎಸೆಯಬೇಡಿ. ಅದನ್ನು ಬೇರೆ ಲಕೋಟೆಯಲ್ಲಿಟ್ಟು, ತೋರಿಸಲು 15 ಸೆಂ.ಮೀ. ಹೊಸ ರಿಬ್ಬನ್ ಹಾಕಿ. ಗೋಡೆಯ ಚೌಕಟ್ಟಿಗೆ ಪದಕವನ್ನು ಅಂಟಿನಿಂದ ಕೂರಿಸಿದರೆ ಕೀಳುವಾಗ ಹಿಂಬದಿಯ ಮೇಲ್ಮೈ ಅದರ ಜೊತೆ ಬರುತ್ತದೆ, ದಾರದಿಂದ ಹೊಲಿಸಿ.

ಕಾನೂನು ಎರಡೇ ಮಾತು. ಸೈನಿಕ, ನಾವಿಕ ಎಂದು ನಂಬಿಸಲು ಅವರ ಉಡುಪು, ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಸಂಗ್ರಹದ ಪದಕ ಎದೆಯ ಮೇಲೆ ಬೇಡ, ಗಣರಾಜ್ಯೋತ್ಸವದ ಫೋಟೊಗೂ ಬೇಡ. ಇನ್ನು 1972ರ ಪುರಾವಸ್ತು ಕಾಯ್ದೆ: ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1914-15 ಸ್ಟಾರ್ ಈಗ ಆ ಗೆರೆ ದಾಟಿದೆ. ಲಂಡನ್ ಹರಾಜಿನಿಂದ ತರಿಸಿಕೊಳ್ಳುವಾಗ, ಮುಂದೆ ಅಲ್ಲಿಗೇ ಮರಳಿ ಮಾರುತ್ತೇನೆಂಬ ಲೆಕ್ಕ ಹಾಕಬೇಡಿ.

ನೋಂದಣಿ

ಒಂದೊಂದು ಪದಕಕ್ಕೂ ಒಂದು ಪುಟ: ಅಂಚಿನ ಸಾಲು ಚುಕ್ಕೆ-ಅಲ್ಪವಿರಾಮ ಸಹಿತ ಇದ್ದಂತೆ, ತೂಕ, ಮೂರು ಅಡ್ಡಳತೆ, ಕೊಂಡ ದಿನ, ಕೊಟ್ಟ ಬೆಲೆ, ಯಾರಿಂದ, ಜೊತೆಗೆ ಬಂದ ಕಾಗದ. ಅಂಚನ್ನು ಫೋಟೊ ತೆಗೆಯುವುದು ಕಷ್ಟ, ಬೆಳಕು ಜಾರುತ್ತದೆ. ಅದಕ್ಕೆ ಹಳೆಯ ಉಪಾಯ ಕಾಗದದ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು. ಬಟರ್ ಪೇಪರನ್ನು 12 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ ಕತ್ತರಿಸಿ, 36 ಮಿ.ಮೀ. ಪದಕದ ಸುತ್ತಳತೆ 113 ಮಿ.ಮೀ., ಅಷ್ಟು ಸಾಲುತ್ತದೆ. ಕೊಂಡಿಯ ಎಡಬದಿಯಿಂದ ಸುತ್ತಿ ಎರಡೂ ತುದಿಯನ್ನು ಹೆಬ್ಬೆರಳಿನಿಂದ ಬಿಗಿ ಹಿಡಿದು, 4ಬಿ ಪೆನ್ಸಿಲ್ ಮಲಗಿಸಿ ಒಂದೇ ದಿಕ್ಕಿಗೆ ತೇಲಿಸಿ ಉಜ್ಜಿ. ಒತ್ತಿದರೆ ಕಾಗದ ಅಕ್ಷರದೊಳಗೆ ಇಳಿದು ಎಲ್ಲ ಕಪ್ಪಾಗುತ್ತದೆ. ತೇಲಿಸಿದರೆ ಕಪ್ಪು ಪಟ್ಟಿಯ ಮೇಲೆ ಸಂಖ್ಯೆ, ಹೆಸರು, ಎಸ್‌ಟಿಒ.1 ಬಿಳಿಯಾಗಿ ಎದ್ದು ಬರುತ್ತದೆ. ಆ ಪಟ್ಟಿಯನ್ನು ಪುಟಕ್ಕೆ ಅಂಟಿಸಿ. ಪುಸ್ತಕದ ಫೋಟೊ ಪ್ರತಿ ಇನ್ನೊಂದು ಮನೆಯಲ್ಲಿರಲಿ; ಪದಕ ಕಳವಾದರೆ ಪೊಲೀಸರಿಗೆ ತೋರಿಸಲು ಇದಕ್ಕಿಂತ ಗಟ್ಟಿ ಗುರುತು ಇಲ್ಲ.